ರೇಷ್ಮೆ ಹುಳು ಒಪ್ಪದ ಮೋಲ್ಡ್ ಮನೆ

ಹೊಸ ಬಡಾವಣೆಯ ಮನೆಗಳ ನಕ್ಷೆಗೆ ಸಹಿ ಹಾಕುವ ಮಾನ್ಯರೇ,

ನೀವು ನನ್ನ ತಂಗಿಯ ಮಗಳಿಗೆ ಕಟ್ಟಿಸಿಕೊಟ್ಟ ಮನೆಯಲ್ಲಿ ನಡುಮಧ್ಯಾಹ್ನ ಬಲ್ಬು ಹಾಕದೆ ಅಕ್ಕಿಯ ಕಲ್ಲು ಆರಿಸಲು ಆಗುವುದಿಲ್ಲ, ಫ್ಯಾನು ಹಾಕದೆ ಉಸಿರಾಡಲು ಆಗುವುದಿಲ್ಲ. ಅದೇ ಮನೆಯ ಹೊರಗೋಡೆಯ ಮೇಲೆ ‘ವಿದ್ಯುತ್ತನ್ನು ಮಿತವಾಗಿ ಬಳಸಿ’ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದೀರಿ. ನಾವು ಯಾವುದನ್ನು ನಂಬಬೇಕು, ಮನೆಯನ್ನೋ, ಗೋಡೆಯ ಮೇಲಿನ ಬರಹವನ್ನೋ? ಅದು ಸಾಲದೆಂಬಂತೆ, ಈ ಮನೆಯ ಹಕ್ಕುಪತ್ರ ಬೇಕಾದರೆ ಅವರು ಹುಳು ಸಾಕುವ ಹಳೆಯ ಹಂಚಿನ ಮನೆಯನ್ನು ಕೆಡವಬೇಕು ಎಂದು ನೋಟೀಸು ಕಳಿಸಿದ್ದೀರಿ. ಕೆಡವಿದರೆ ಅವರ ಅನ್ನ ಹೋಗುತ್ತದೆ, ಕೆಡವದಿದ್ದರೆ ಹೊಸ ಮನೆ ಹೋಗುತ್ತದೆ. ಇದನ್ನು ಎರಡು ಸಲ ಟಪಾಲಿನಲ್ಲಿ ಬರೆದು ತಿಳಿಸಿದೆ. ಉತ್ತರ ಬರಲಿಲ್ಲ. ನಿಮ್ಮ ಕಚೇರಿ ಹೊಸ ಜಿಲ್ಲೆಯಲ್ಲಿ ಹೊಸದಾಗಿ ಕೂತಿದೆ, ಟಪಾಲು ಇನ್ನೂ ಹಳೆಯ ಜಿಲ್ಲೆಗೇ ಹೋಗುತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಬಹಳ ದಿನ ನಿಲ್ಲಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಸತ್ತೇಗಾಲದವನು, ಭತ್ತ ಕಬ್ಬು ಬೆಳೆದುಕೊಂಡು ಬಂದವನು. ಸ್ಕೂಲಿನ ಬೆಂಚಿಗಿಂತ ಗದ್ದೆಯ ಬದುವಿನ ಮೇಲೆ ಹೆಚ್ಚು ಕೂತವನು. ಅಕ್ಷರ ಕೂಡಿಸಿ ಓದಲು ಕಲಿತದ್ದು ಅಂಗಡಿಯವರು ಬೆಲ್ಲ ಕಟ್ಟಿಕೊಡುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳಲ್ಲಿ. ಕಲಿತ ಮೇಲೆ ಸುಮ್ಮನೆ ಕೂರಲಾರದೆ ನೆಂಟರಿಷ್ಟರಿಗೆಲ್ಲ ಕಾಗದ ಬರೆಯುತ್ತ ಬಂದೆ. ಯಾರ ಮನೆಗೆ ಹೆಣ್ಣು ನೋಡಬೇಕು, ಯಾರ ಹಸು ಗಬ್ಬವಾಯಿತು, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಎಲ್ಲವೂ ನನ್ನ ಕಾಗದದಲ್ಲೇ ಊರಿಂದೂರಿಗೆ ಓಡಾಡಿವೆ. ಅಧಿಕಾರಿಗಳಿಗೆ ಬರೆದು ರೂಢಿಯಿಲ್ಲ. ನಡುವೆ ಎಲ್ಲಾದರೂ ‘ಮನೆಮಂದಿಯೆಲ್ಲ ಕ್ಷೇಮವೇ’ ಎಂದು ಬಂದುಬಿಟ್ಟರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಂಗಿಯ ಮಗಳ ಹೆಸರು ಯಶೋದ. ಅವಳನ್ನು ಹನೂರಿನ ಕಡೆ, ಶಾಗ್ಯದಿಂದ ಆಚೆಗೆ ಒಂದು ಊರಿಗೆ ಕೊಟ್ಟಿದ್ದೇವೆ. ಊರಿನ ಹೆಸರು ಬರೆಯುವುದಿಲ್ಲ. ಆ ಊರಿನವರ ಹಕ್ಕುಪತ್ರಗಳೆಲ್ಲ ನಿಮ್ಮ ಬೀರುವಿನಲ್ಲಿವೆ, ನನ್ನ ಬಾಯಿಚಪಲಕ್ಕೆ ಅವರು ದಂಡ ತೆರುವುದು ಬೇಡ. ಗಂಡ ಮಂಟೇಸ್ವಾಮಿ, ಅತ್ತೆ ಮಾದೇವಮ್ಮ, ಇವಳು, ಮೂವರೂ ಸೇರಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ನಮ್ಮ ಸೀಮೆಯಲ್ಲಿ ಹುಳು ಸಾಕುವವರಿಗೆ ಬೇರೆ ಹುಳುಮನೆ ಇರುವುದು ಅಪರೂಪ. ಮನುಷ್ಯರು ಮಲಗುವ ಮನೆಯೇ ಹುಳುವಿನ ಮನೆ. ಗೋಡೆಯುದ್ದಕ್ಕೂ ಅಟ್ಟಣೆ ಕಟ್ಟಿ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಉಳಿದ ಜಾಗದಲ್ಲಿ ಜನ ಮಲಗುತ್ತಾರೆ. ಹುಳು ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯ ಹಾಗೆ ಕೇಳುತ್ತಿರುತ್ತದೆ. ಆ ಸದ್ದು ನಿಂತರೆ ಮನೆಯವರಿಗೆ ನಿದ್ದೆ ಬರುವುದಿಲ್ಲ.

ನಿಮ್ಮ ಹೊಸ ಮನೆ ಸಿಕ್ಕಾಗ ಆ ಮನೆಯವರಿಗಾದ ಸಂತೋಷವನ್ನು ನಾನು ಮರೆಮಾಚುವುದಿಲ್ಲ. ಕಾಂಕ್ರೀಟು ಸುರಿದ ಮನೆಗೆ ನಮ್ಮಲ್ಲಿ ಮೋಲ್ಡ್ ಮನೆ ಎನ್ನುತ್ತಾರೆ. ಮೋಲ್ಡ್ ಮನೆಯಿದೆ ಎಂದರೆ ಹೆಣ್ಣು ಕೊಡುವವರೂ ಒಂದು ಮಾತು ಕಡಿಮೆ ಆಡುತ್ತಾರೆ. ಯುಗಾದಿ ಕಳೆದ ಮೇಲೆ ಗೃಹಪ್ರವೇಶ ಇಟ್ಟುಕೊಂಡರು, ನಾನೂ ಹೋದೆ. ನಮ್ಮ ಕಡೆ ಹುಳು ಸಾಕುವ ಮನೆಗಳಲ್ಲಿ ಒಂದು ಪದ್ಧತಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವಾಗ ಒಂದು ತಟ್ಟೆ ಹುಳುವನ್ನೂ ತಂದು ಪಕ್ಕದಲ್ಲಿ ಇಡುತ್ತಾರೆ, ಅನ್ನ ಕೊಡುವ ತಾಯಿ ಮೊದಲು ಒಳಗೆ ಬರಲಿ ಎಂದು. ಶಾಸ್ತ್ರ ಮುಗಿದ ಮೇಲೆ ತಟ್ಟೆ ಹಳೆಯ ಜಾಗಕ್ಕೆ ವಾಪಸು. ಆದರೆ ಆ ದಿನ ಮಾದೇವಮ್ಮ ಒಪ್ಪಲಿಲ್ಲ.

“ನಾವು ಮೋಲ್ಡ್ ಮನೇಲಿ ಮನೀಕಂಡು, ಅನ್ನ ಕೊಡೋ ತಾಯ್ನ ಮಣ್ಗೋಡೆ ವಳ್ಗೇ ಬುಟ್ಬುಟ್ರೆ ಅವ್ಳು ಮೆಚ್ಚಾಳಾ?” ಎಂದಳು.

“ಅತ್ತೆ, ಶಾಸ್ತ್ರಕ್ಕೆ ಒಂದ್ ತಟ್ಟೆ ಸಾಕು ಕಣತ್ತೆ. ಉಳ ನಾಲ್ಕ್ನೇ ಜ್ವರ ಎದ್ದವೆ, ಈಗ ಜಾಗ ಬದ್ಲಾಯ್ಸದ್ ಬ್ಯಾಡ,” ಎಂದಳು ಯಶೋದ. ಹುಳು ಪೊರೆ ಬಿಡುವುದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳು ಹೊಟ್ಟೆ ತುಂಬ ತಿಂದು ಗೂಡಿಗೆ ಹೋಗುವ ಹುಳು.

“ಒಂದ್ ತಟ್ಟೆಗ್ ಮೋಲ್ಡ್ ಮನೆ, ಬಾಕೀವ್ಕೆ ಮಣ್ಮನೆ? ಅವೇನ್ ಸವತಿ ಮಕ್ಳಾ?”

ತಾಯಿಯ ಮಾತಿಗೆ ಮಂಟೇಸ್ವಾಮಿಯೂ ತಲೆಯಾಡಿಸಿದ. ತಾರಸಿ ಗಟ್ಟಿಯಾಗಿದೆ, ಹಲ್ಲಿ ಬೀಳುವುದಿಲ್ಲ, ಇಲಿ ಬರುವುದಿಲ್ಲ, ಹುಳುವಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಎಲ್ಲರಿಗೂ ಅನಿಸಿತು. ಸರ್ಕಾರ ಕಟ್ಟಿಸಿದ್ದು ಎಂಬ ನಂಬಿಕೆ ಬೇರೆ. ಸಂಜೆಯ ಹೊತ್ತಿಗೆ ತಟ್ಟೆಗಳೆಲ್ಲ ಮೆರವಣಿಗೆಯಲ್ಲಿ ಬಂದು ಹೊಸ ಮನೆಯಲ್ಲಿ ಕೂತವು. ಹಳೆಯ ಮನೆಯಲ್ಲಿ ಉಳಿದದ್ದು ಖಾಲಿ ಅಟ್ಟಣೆ, ಮತ್ತೆ ಹೊಸ ಮನೆಯಲ್ಲಿ ಜಾಗ ಸಾಲದೆ ಸೊಪ್ಪಿನ ಕೋಣೆಯ ಪಕ್ಕ ಬಿಟ್ಟುಬಂದ ನಾಲ್ಕಾರು ತಟ್ಟೆ.

ಮಾನ್ಯರೇ, ಈಗ ನಿಮ್ಮ ನಕ್ಷೆಯ ವಿಷಯಕ್ಕೆ ಬರುತ್ತೇನೆ. ಆ ನಕ್ಷೆಗೆ ಗೊತ್ತಿರುವುದು ಒಂದೇ ದಿಕ್ಕು, ರಸ್ತೆ ಇರುವ ದಿಕ್ಕು. ಸೂರ್ಯ ಯಾವ ಕಡೆ ಮುಳುಗುತ್ತಾನೆ, ಬೆಟ್ಟದ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಅದು ಯಾರನ್ನೂ ಕೇಳಿಲ್ಲ. ಆ ಬಡಾವಣೆಯಲ್ಲಿ ರಸ್ತೆ ಪಡುವಣಕ್ಕಿದೆ, ಆದ್ದರಿಂದ ಬಾಗಿಲು ಪಡುವಣಕ್ಕೆ, ಮನೆಗಿರುವ ಒಂದೇ ಕಿಟಕಿಯೂ ಪಡುವಣಕ್ಕೆ. ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು ಬಾಗಿಲು ತಟ್ಟದೆಯೇ ಒಳಗೆ ಬರುತ್ತದೆ. ತಡೆಯಲು ಕಿಟಕಿ ಮುಚ್ಚಿದರೆ ಕತ್ತಲೆ, ಬಲ್ಬು ಬೇಕು. ತೆರೆದರೆ ಕುಲುಮೆ, ಫ್ಯಾನು ಬೇಕು. ಗಾಳಿ ಒಳಗೆ ಬರಲು ದಾರಿ ಬಿಟ್ಟವರು ಅದು ಹೊರಗೆ ಹೋಗಲು ಎದುರುಗಡೆ ಒಂದು ದಾರಿ ಬಿಡಬೇಡವೇ? ನೆಂಟರಾದರೂ ವಾಪಸು ಹೋಗಲು ಬಸ್ಸಿದೆಯೆಂದು ಗೊತ್ತಿದ್ದರೆ ತಾನೇ ಮನೆಗೆ ಬರುವುದು? ಒಲೆಯ ಮೇಲೆ ಹೊಗೆ ಹೋಗಲು ಗವಾಕ್ಷಿ ಇಲ್ಲ. ಕಿಟಕಿಯ ಮೇಲೆ ಬಿಸಿಲಿಗೆ ಮರೆಯಾಗಿ ಸಜ್ಜ ಇಲ್ಲ. ಕೈ ಎತ್ತಿದರೆ ಮುಟ್ಟುವಷ್ಟು ತಗ್ಗಿಗೆ ಬರಿಯ ಕಾಂಕ್ರೀಟು, ಅದರ ಮೇಲೆ ಒಂದು ಹಂಚಿನ ಚೂರೂ ಇಲ್ಲ. ಹಗಲೆಲ್ಲ ಬಿಸಿಲು ಕುಡಿದ ತಾರಸಿ ಸಂಜೆಯಾದ ಮೇಲೆ ಅದನ್ನು ಒಳಗಿನವರ ತಲೆಯ ಮೇಲೆ ಕಾರುತ್ತದೆ. ಪಕ್ಕದ ಮನೆಯ ಚಿಕ್ಕಮಾದಪ್ಪ ಗೃಹಪ್ರವೇಶದ ಊಟಕ್ಕೆ ಕೂತಾಗಲೇ ಹೇಳಿದ್ದ, “ಯಾಕ್ಲಾ ಮಂಟೇಸ್ವಾಮಿ, ಸೌದೆ ತಂದು ಒಲೆ ಅಸ್ಸಕ್ಕೋಗಿದ್ದೀಯೆ? ತಪ್ಲೇನ ತಾರ್ಸಿಗ್ ತಗಲಾಕ್ಬುಡು, ಬ್ಯಾಳೆ ತಾನೇ ಬೇಯ್ತದೆ.” ಎಲ್ಲರೂ ನಕ್ಕೆವು.

ಹುಳುವಿಗೆ ನಗಲು ಬರುವುದಿಲ್ಲ. ಮಾರನೆಯ ದಿನವೇ ಅವು ಸೊಪ್ಪಿನಿಂದ ತಲೆ ಎತ್ತಿಕೊಂಡು ಸುಮ್ಮನೆ ಕೂತವು. ಮನೆಯಲ್ಲಿ ಆ ಮಳೆಯ ಸದ್ದು ನಿಂತಿತು. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದರು. ಮದುವೆಯಲ್ಲಿ ನಾನೇ ಕೊಡಿಸಿದ ಟೇಬಲ್ ಫ್ಯಾನನ್ನು ತಟ್ಟೆಗಳ ಎದುರಿಗೆ ಇಟ್ಟರು.

“ಮಾವ, ಇದು ಗಾಳಿ ಬೀಸ್ತಾ ಇಲ್ಲ ಕಣ್ ಮಾವ. ಮೇಲಿರೋ ಬೆಂಕೀನ ಇಳ್ಸಿ ಇಳ್ಸಿ ಉಳದ್ ಮ್ಯಾಲೆ ಆಕ್ತಾ ಅದೆ,” ಎಂದ ಮಂಟೇಸ್ವಾಮಿ.

ಅಷ್ಟರಲ್ಲಿ ಕರೆಂಟೂ ಹೋಯಿತು, ಫ್ಯಾನಿನ ಪ್ರಶ್ನೆಯೂ ಬಗೆಹರಿಯಿತು. ಹುಳು ಮೆತ್ತಗಾದವು, ಕಪ್ಪಾದವು. ನಮ್ಮವರು ಅದಕ್ಕೆ ಸಪ್ಪೆ ರೋಗ ಎನ್ನುತ್ತಾರೆ. ಯಶೋದ ಯಾರನ್ನೂ ಕೇಳದೆ ಉಸಿರಿದ್ದ ತಟ್ಟೆಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಹಳೆಯ ಮನೆಗೆ ಸಾಗಿಸಿದಳು. ಅಲ್ಲಿಗೆ ಹೋದವುಗಳಲ್ಲಿ ಅರ್ಧಕ್ಕರ್ಧ ಚೇತರಿಸಿಕೊಂಡು ಗೂಡು ಕಟ್ಟಿದವು. ಜಾಗ ಸಾಲದೆ ಅಲ್ಲೇ ಬಿಟ್ಟಿದ್ದ ತಟ್ಟೆಗಳಲ್ಲಂತೂ ಒಂದೂ ಕೆಡಲಿಲ್ಲ. ಹೊಸ ಮನೆಯಲ್ಲಿ ಉಳಿದದ್ದನ್ನು ಗುಂಡಿ ತೋಡಿ ಮುಚ್ಚಿದರು. ಮಾದೇವಮ್ಮ ಆ ಗುಂಡಿಯ ಪಕ್ಕದಲ್ಲಿ ಕೂತು, ಮನುಷ್ಯರು ಹೋದಾಗ ಹೇಳಿಕೊಂಡು ಅಳುವ ಹಾಗೆ ಅತ್ತಳು.

ಅದೇ ಮೊಟ್ಟೆಯಿಂದ ಬಂದ ಹುಳು, ಅದೇ ತೋಟದ ಸೊಪ್ಪು, ಸಾಕಿದ ಕೈಯೂ ಒಂದೇ. ಬೇರೆಯಾದದ್ದು ಮನೆ ಮಾತ್ರ. ಇದಕ್ಕಿಂತ ಬೇರೆ ಪರೀಕ್ಷೆ ಬೇಕೇ? ‘ಹುಳು ತಾನೇ’ ಎಂದು ನೀವು ಅನ್ನಬಹುದು. ಹೌದು, ಮನುಷ್ಯರಾದ ನಾವು ಎಲ್ಲದಕ್ಕೂ ಹೊಂದಿಕೊಳ್ಳುತ್ತೇವೆ. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂರುತ್ತೇವೆ. ಮಕ್ಕಳ ಮೈಯ ಬೆವರುಸಾಲೆಗೆ ಗಂಧ ಹಚ್ಚಿ, ಮಳೆ ಬಂದರೆ ಸರಿಹೋಗುತ್ತದೆ ಅನ್ನುತ್ತೇವೆ. ನಮ್ಮ ಈ ತಾಳ್ಮೆಯನ್ನು ನೀವು ನಿಮ್ಮ ನಕ್ಷೆ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೀರಿ. ಹುಳುವಿಗೆ ಆ ದಾಕ್ಷಿಣ್ಯ ಇಲ್ಲ, ಅಷ್ಟೇ ವ್ಯತ್ಯಾಸ.

ಹಳೆಯ ಮನೆಯನ್ನು ನಾನು ಸ್ವರ್ಗವೆಂದು ಹಾಡುತ್ತಿಲ್ಲ. ಅದರ ತೊಲೆಗೆ ಗೆದ್ದಲು ಹತ್ತಿದೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸದಿದ್ದರೆ ಮೂರು ಕಡೆ ಪಾತ್ರೆ ಇಡಬೇಕು. ಒಂದು ಸಲ ಅಟ್ಟಣೆಯ ಕೆಳಗೆ ಚೇಳು ಸಿಕ್ಕಿ ನಾನೇ ಕಾಲೆತ್ತಿ ಕುಣಿದಿದ್ದೇನೆ. ಮಣ್ಣಿನ ಮನೆಯನ್ನೇ ಕಟ್ಟಿಕೊಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಅದನ್ನು ಕಟ್ಟಿದವನು ಬಿಸಿಲನ್ನೂ ಗಾಳಿಯನ್ನೂ ಬಾಡಿಗೆಗೆ ಬಂದವರೆಂದು ತಿಳಿಯಲಿಲ್ಲ, ಮನೆಯವರೆಂದು ತಿಳಿದು ಅವರಿಗೊಂದು ದಾರಿ ಬಿಟ್ಟ. ಮೊಳ ದಪ್ಪದ ಗೋಡೆ, ಎತ್ತರದ ಸೂರು, ಎದುರು ಬದುರು ಕಿಟಕಿ, ಹಂಚಿನ ಸಂದಿಯಲ್ಲಿ ಬಿಸಿ ಏರಿ ಹೋಗುತ್ತದೆ, ನಡುವೆ ಒಂದು ಗಾಜಿನ ಹಂಚು ಹಗಲೆಲ್ಲ ಬೆಳಕು ಇಳಿಸುತ್ತದೆ. ಆ ಮನೆಗೆ ಸಂಜೆ ದೀಪ ಹಚ್ಚುವವರೆಗೆ ಕರೆಂಟಿನ ನೆನಪೇ ಬರುವುದಿಲ್ಲ.

ಕರೆಂಟಿನ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಶಿವನಸಮುದ್ರದ ನೀರಿನ ಪಕ್ಕದ ಊರಿನವನು ನಾನು. ನಮ್ಮ ತಾತಂದಿರ ಕಾಲದಲ್ಲೇ ಅಲ್ಲಿಯ ನೀರು ಕರೆಂಟಾಗಿ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ನಾವು ಬುಡ್ಡಿದೀಪದ ಕೆಳಗೆ ಕೂತು ಅದರ ಹೆಮ್ಮೆಯ ಕತೆ ಕೇಳಿದೆವು. ಬೇಸಿಗೆಯಲ್ಲಿ ಹೊಳೆ ಎಷ್ಟು ಬಡವಾಗುತ್ತದೆಂದು ನಮಗೆ ಗೊತ್ತು, ಬಂಡೆಯ ಮೂಳೆಗಳು ಕಾಣುತ್ತವೆ. ಆದ್ದರಿಂದ ಕರೆಂಟು ಉಳಿಸಿ ಎಂದು ನೀವು ಗೋಡೆಯ ಮೇಲೆ ಬರೆಸಿದರೆ ಸಿಟ್ಟು ಬರುವುದಿಲ್ಲ, ಅದು ನಿಜವಾದ ಮಾತು. ಸಿಟ್ಟು ಬರುವುದು ಯಾವುದಕ್ಕೆಂದರೆ, ಆ ಗೋಡೆಯನ್ನು ಕಟ್ಟುವಾಗ ಅದು ನೆನಪಾಗಲಿಲ್ಲವಲ್ಲ ಎಂಬುದಕ್ಕೆ. ಕಿಟಕಿ ಇಡುವ ಕಡೆ ಇಟ್ಟಿದ್ದರೆ ಬಲ್ಬು ಉಳಿಯುತ್ತಿತ್ತು, ತಾರಸಿಯ ಮೇಲೆ ಒಂದು ಪದರ ಹಂಚು ಹಾಸಿದ್ದರೆ ಫ್ಯಾನು ಉಳಿಯುತ್ತಿತ್ತು. ಮನೆ ಕಟ್ಟುವಾಗ ಉಳಿಸಬೇಕಾದದ್ದನ್ನು, ಆ ಮನೆಯಲ್ಲಿ ಬೇಯುವವರು ಸ್ವಿಚ್ಚು ಆರಿಸಿ ಉಳಿಸಿಕೊಡಬೇಕೇ? ಒಂದೇ ನಕ್ಷೆಯನ್ನು ಘಟ್ಟದ ಊರಿಗೂ, ನಮ್ಮ ಬಯಲಿಗೂ, ಯಳಂದೂರಿನ ಗದ್ದೆ ಬಯಲಿಗೂ ಕಳಿಸುತ್ತೀರಂತೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿಯನ್ನು ನಮ್ಮ ಸಂತೆಯಲ್ಲಿ ಎರಡನೆಯ ವಾರ ಕೂರಲು ಬಿಡುವುದಿಲ್ಲ.

ಈಗ ನೋಟೀಸಿನ ವಿಷಯ. ಹೋದ ತಿಂಗಳು ನಾನು ಅಲ್ಲಿದ್ದಾಗಲೇ ನಿಮ್ಮ ಕಿರಿಯ ಇಂಜಿನಿಯರು ಬಂದರು. ಸುಡುಬಿಸಿಲು. ಹೊಸ ಮನೆಯ ಬಾಗಿಲಲ್ಲಿ ಯಶೋದ ಚಾಪೆ ಹಾಸಿ, “ಬನ್ನಿ ಸಾ, ನಿಮ್ದೇ ಮನೆ, ಫ್ಯಾನೂ ಅದೆ,” ಎಂದು ಕರೆದಳು. ಅವರು ಒಳಗೆ ಒಂದು ಕಾಲಿಟ್ಟು, ಕರ್ಚೀಫು ತೆಗೆದು, “ಬೇಡಮ್ಮ, ಹಳೆ ಮನೆ ನೋಡಬೇಕಿತ್ತು, ಅಲ್ಲೇ ಕೂತು ಬರೆದುಬಿಡ್ತೀನಿ,” ಎಂದರು. ಹಳೆಯ ಮನೆಯ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಅಂಗಿಯ ಗುಂಡಿ ಬಿಚ್ಚಿಕೊಂಡು, ಅಬ್ಬ ಎಂದು ಗೋಡೆಗೆ ಒರಗಿ, ಆ ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಬರೆಯಲು ಶುರುಮಾಡಿದರು.

“ಸಾ, ಬ್ಯಾಗ ಎದ್ದು ಈಚ್ಗೆ ಬನ್ನಿ,” ಎಂದಳು ಯಶೋದ.

“ಯಾಕಮ್ಮ?”

“ಬಿದ್ದೋಗೋ ಮನೆ ಅಂತ ಬರೀತಾ ಇದ್ದೀರಲ್ಲ. ನಿಮ್ಮೇಲೇ ಬಿದ್ದಾತು.”

“ಅದು ರೆಕಾರ್ಡಿಗೆ ಹಾಗೆ ಬರೀಬೇಕು ಕಣಮ್ಮ. ಮನೆ ಇಲ್ಲದವರಿಗೆ ಅಂತ ಈ ಮನೆ ಕೊಟ್ಟಿರೋದು. ಹಳೇದು ನಿಂತಿದ್ರೆ ನಿಮಗೆ ಎರಡು ಮನೆ ಆಗುತ್ತೆ.”

“ಕೊಡೋವಾಗ ನಮ್ಮನೆ ನಿಂತೇ ಇತ್ತಲ್ಲ ಸಾ. ಆಗ ಕಾಣ್ನಿಲ್ವಾ?”

“ಬೀಳೋ ಹಾಗಿದೆ ಅಂತ ಹೇಳಿದ್ದಕ್ಕೆ ನಿನ್ನ ಗಂಡನೂ ಹೂಂ ಅಂದಿದ್ದನಲ್ಲಮ್ಮ.”

ಮಂಟೇಸ್ವಾಮಿ ತಲೆ ತಗ್ಗಿಸಿದ. “ಮನೆ ಕೊಡ್ತೀವಿ ಅಂದ್ರೆ ಹೂಂ ಅನ್ದೆ ಇನ್ನೇನ್ ಅಂದಾನು ಸಾ,” ಎಂದು ಮಾದೇವಮ್ಮ ಒಳಗಿನಿಂದಲೇ ಮಗನ ಪರ ನಿಂತಳು. “ನಂಗೂ ಬೀಳೋ ವಯ್ಸಾಗದೆ. ಅಂಗಂತ ಕೆಡ್ವೀರಾ?”

ಆ ಇಂಜಿನಿಯರು ಕೆಟ್ಟವರಲ್ಲ, ಮಾನ್ಯರೇ. ನಗು ಬಂದರೂ ತಡೆದುಕೊಂಡು, “ನಕ್ಷೆಯೂ ಮೇಲಿಂದ ಬರುತ್ತೆ, ನಿಯಮವೂ ಮೇಲಿಂದ ಬರುತ್ತೆ ಯಜಮಾನ್ರೇ, ನಾನೇನು ಮಾಡ್ಲಿ?” ಎಂದು ನನ್ನ ಕಡೆ ನೋಡಿದರು. ಮೇಲಿರುವವರು ನೀವು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮಂಟೇಸ್ವಾಮಿ ಹೂಂ ಅಂದದ್ದು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಆ ಒಂದು ಹೂಂಗೆ ಅವನ ಕಸುಬನ್ನೇ ಕಿತ್ತುಕೊಳ್ಳುವುದು ಯಾವ ನ್ಯಾಯ?

ಅವರು ನೋಟೀಸು ಕೊಟ್ಟು ಹೋದ ದಿನದಿಂದ ಆ ಮನೆಯಲ್ಲಿ ಯಾರೂ ಯಾರೊಂದಿಗೂ ನೆಟ್ಟಗೆ ಮಾತಾಡಿಲ್ಲ. ಮಾದೇವಮ್ಮನಿಗೆ ಮೋಲ್ಡ್ ಮನೆ ಬಿಡಲು ಮನಸ್ಸಿಲ್ಲ. ಜನ್ಮವೆಲ್ಲ ಆಸೆಪಟ್ಟು ಮುದಿವಯಸ್ಸಿಗೆ ಕಂಡ ತಾರಸಿ ಅದು, ಬೇಯಿಸಿದರೂ ತನ್ನದು ಅನ್ನುತ್ತಾಳೆ. ಯಶೋದ, “ಕೀ ವಾಪಸ್ ಕೊಟ್ಬುಡದು ವಾಸಿ ಕಣ್ ಮಾವ. ಉಳ ಇಲ್ದೆ ಆ ಮನೇಲಿ ಏನ್ ಉಣ್ಣಾನ? ತಾರ್ಸಿ ಉಣ್ಣಾನಾ?” ಅನ್ನುತ್ತಾಳೆ. ನಡುವೆ ಮಂಟೇಸ್ವಾಮಿ ತೋಟಕ್ಕೆ ಹೋದವನು ಬೇಗ ವಾಪಸು ಬರುವುದಿಲ್ಲ. ಮೂವರೂ ಬೇರೆ ಬೇರೆಯಾಗಿ ನನಗೆ ಹೇಳಿಕಳಿಸುತ್ತಾರೆ, ನೀನು ಬರೆದರೆ ಕೇಳ್ತಾರೆ ಎಂದು. ಬರೆದದ್ದು ಯಾರಿಗೂ ಕೇಳಿಸಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಹಾಗಾಗಿ ಇಲ್ಲಿ ಸತ್ತೇಗಾಲದಲ್ಲಿ ಕೂತರೂ ಕೂರಲಾಗುವುದಿಲ್ಲ. ಕೊಳ್ಳೇಗಾಲದ ಬಸ್ಸು ಬಂದರೆ ಹತ್ತಿಬಿಡುತ್ತೇನೆ, ಹತ್ತಿದ ಮೇಲೆ ಹೋಗಿ ಏನು ಹೇಳಲಿ ಎಂದು ಕೊಳ್ಳೇಗಾಲದಲ್ಲೇ ಇಳಿದು ವಾಪಸಾಗುತ್ತೇನೆ. ಹೋದ ವಾರವೆಲ್ಲ ಇದೇ ಆಯಿತು. ಕಂಡಕ್ಟರು, “ಏನ್ ಯಜಮಾನ್ರೇ, ಗಾಳಿ ತಕಳಕ್ ಬಂದ್ರಾ?” ಎಂದು ಕೇಳುತ್ತಾನೆ.

ಇನ್ನೊಂದು ಅವಸರದ ಮಾತಿದೆ. ಅದೇ ಬಡಾವಣೆಯಲ್ಲಿ ಎರಡನೆಯ ಸಾಲು ಮನೆಗಳ ಗೋಡೆ ಎದ್ದಿವೆ. ಕಿಟಕಿಯ ಮಟ್ಟ ದಾಟಿ ನಿಂತಿವೆ, ತಾರಸಿಗೆ ಕಂಬ ಹಲಗೆ ಕಟ್ಟಲು ಸಾಮಾನು ಬಂದು ಬಿದ್ದಿದೆ. ಆ ಮನೆಗಳೂ ಪಡುವಣಕ್ಕೇ ಬಾಯಿ ತೆರೆದಿವೆ. ಅವು ಇನ್ನೂ ಅರೆಬರೆಯಾಗಿವೆ ಎಂಬುದೊಂದೇ ನನಗೆ ಉಳಿದಿರುವ ಆಸೆ. ಒಮ್ಮೆ ಕಾಂಕ್ರೀಟು ಬಿದ್ದರೆ ಆ ತಪ್ಪು ಮೂರು ತಲೆಮಾರು ಗಟ್ಟಿಯಾಗಿ ನಿಲ್ಲುತ್ತದೆ. ಮಣ್ಣಿನ ಮನೆಯ ತಪ್ಪಾದರೆ ಎರಡು ಮಳೆಗೆ ಕರಗುತ್ತಿತ್ತು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಎರಡನೆಯ ಸಾಲಿಗೆ ತಾರಸಿ ಹಾಕುವುದನ್ನು ನಿಲ್ಲಿಸಿ. ಮೂಡಣ ಗೋಡೆಯಲ್ಲಿ ಎದುರು ಕಿಟಕಿ ಒಡೆಸಿ, ಪಡುವಣದ ಕಿಟಕಿಗೆ ಸಜ್ಜ ಇಡಿಸಿ, ಒಲೆಯ ಮೇಲೆ ಹೊಗೆಗೆ ದಾರಿ ಮಾಡಿಸಿ, ಗೋಡೆಯನ್ನು ಇನ್ನೆರಡು ಸಾಲು ಎತ್ತರಿಸಿದ ಮೇಲೆ ತಾರಸಿ ಹಾಕಿಸಿ. ಮೊದಲ ಸಾಲಿನ ತಾರಸಿಗಳ ಮೇಲೆ ಹಂಚು ಹಾಸಲು ಅಪ್ಪಣೆ ಕೊಡಿ. ಹಂಚು ಎಲ್ಲಿಂದ ಎಂದು ಚಿಂತಿಸಬೇಡಿ, ಊರವರು ತಾವೇ ತಂದು ಹಾಸಿಕೊಳ್ಳುತ್ತಾರೆ. ಹುಳು ಸಾಕುವ ಹಳೆಯ ಮನೆಯನ್ನು ಕಸುಬಿನ ಜಾಗವೆಂದು ಬರೆದು ಬಿಟ್ಟುಬಿಡಿ, ಹಕ್ಕುಪತ್ರ ಕೊಡಿ. ಒಬ್ಬ ಕುಂಬಾರನಿಗೆ ಮನೆ ಕೊಟ್ಟರೆ ಅವನ ಆವಿಗೆಯನ್ನು ಒಡೆಸುತ್ತೀರಾ?

ನೋಟೀಸಿನಲ್ಲಿ ಮೇ ಹದಿನೈದರಂದು ನಿಮ್ಮವರು ಬಂದು ಹಳೆಯ ಮನೆ ಕೆಡವಿಸುತ್ತಾರೆಂದು ಬರೆದಿದೆ. ಯಶೋದ ಏಪ್ರಿಲಿನಲ್ಲೇ ಹೊಸ ಮೊಟ್ಟೆ ತಂದು ಚಾಕಿ ಕಟ್ಟಿದ್ದಾಳೆ, ಮೊಟ್ಟೆಯೊಡೆದ ಎಳೆಹುಳುವನ್ನು ಸಾಕುವುದಕ್ಕೆ ನಮ್ಮವರು ಹಾಗೆನ್ನುತ್ತಾರೆ. ಹುಳು ಈಗ ಮೂರನೆಯ ಜ್ವರಕ್ಕೆ ಕೂತಿವೆ. ಲೆಕ್ಕ ಹಾಕಿ ನೋಡಿದೆ, ನಿಮ್ಮವರು ಹಾರೆ ಗುದ್ದಲಿ ಹಿಡಿದು ಬರುವ ದಿನ ಅವು ಸೊಪ್ಪು ಬಿಟ್ಟು ಹಣ್ಣಾಗಿ ಚಂದ್ರಿಕೆಗೆ ಏರಿರುತ್ತವೆ. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟಿ. ಅದಕ್ಕೆ ಏರಿದ ಹುಳುವನ್ನು ಅಲುಗಿಸಬಾರದು, ಎಳೆ ಕಡಿದರೆ ಅದು ಮತ್ತೆ ಶುರುಮಾಡುವುದಿಲ್ಲ. ಆ ದಿನ ಅವಳು ಹೊರಗೆ ಬರುವುದಿಲ್ಲ ಎಂದು ಹೇಳಿದ್ದಾಳೆ, ಅವಳ ಮಾತು ನನಗೆ ಗೊತ್ತು. ನಿನ್ನೆ ಮಾದೇವಮ್ಮನೂ ಹೇಳಿಕಳಿಸಿದಳು, ಸೊಸೆಯ ಜೊತೆ ತಾನೂ ಒಳಗೇ ಇರುತ್ತೇನೆಂದು. ಮೋಲ್ಡ್ ಮನೆಯ ಬೀಗದಕೈಯನ್ನು ಆ ಹೆಂಗಸು ಸೆರಗಿನಿಂದ ಬಿಚ್ಚಿ ಸೊಸೆಯ ಕೈಗೆ ಕೊಟ್ಟಳಂತೆ.

ನಾನು ಈ ಸಲ ಕೊಳ್ಳೇಗಾಲದಲ್ಲಿ ಇಳಿಯುವುದಿಲ್ಲ. ನೀವೂ ಅಂದು ಬನ್ನಿ. ಮಾತು ಒಳಗೆ ಕೂತೇ ಆಡೋಣ, ಆದರೆ ಮೆಲ್ಲಗೆ, ಹುಳು ನೂಲು ಬಿಡುವಾಗ ಸದ್ದು ಆಗಕೂಡದು. ಮಾತು ಮುಗಿದ ಮೇಲೂ ಕೆಡವಲೇಬೇಕೆಂದು ನಿಮಗೆ ತೋರಿದರೆ ಚಂದ್ರಿಕೆಗಳನ್ನು ಒಂದೊಂದಾಗಿ ಹೊರಗೆ ಇಡಬೇಕಾಗುತ್ತದೆ. ಮೊದಲನೆಯದನ್ನು ನೀವೇ ಎತ್ತಬೇಕು.

ಇಂತಿ,
ಇಷ್ಟು ದಿನ ನೆಂಟರಿಗೆ ಬರೆದು ಉತ್ತರ ಪಡೆದು ಕೆಟ್ಟುಹೋದ
ಪುಟ್ಟಸಿದ್ದಯ್ಯ
ಸತ್ತೇಗಾಲ, ಮೇ ೩, ೧೯೯೯